ಎರಡನೆಯ ಪಂದ್ಯ ಯಾರಿಗೆ?

ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಊರು ಬಿಟ್ಟವರು ಊರಿಗೆ ಬರುವುದು ಕಲಬುರಗಿಯ ಹಳೆಯ ರೂಢಿ. ಈಚಿನ ಒಂದು ಜಾತ್ರೆಗೆ ಅಮೆರಿಕದ ಅಟ್ಲಾಂಟಾದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನೂ ಬಂದಿದ್ದ. ತೇರು ಎಳೆದ ಮರುದಿನ ಸಂಜೆ ಅವನನ್ನು ಕರೆದುಕೊಂಡು ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕಡೆ ತಿರುಗಾಡಲು ಹೋದೆ. ಅಲ್ಲಿಗೆ ಹತ್ತಿರದ ಚಹಾ ಅಂಗಡಿಯೊಂದರಲ್ಲಿ ನಮ್ಮ ನಿವೃತ್ತರ ಗುಂಪು ನಿತ್ಯ ಸೇರುತ್ತದೆ. ಅಲ್ಲಿ ರಾಜಕೀಯಕ್ಕಿಂತ ಆಟದ ಮಾತೇ ಹೆಚ್ಚು. ರಾಜಕೀಯದಲ್ಲಿ ಗೆದ್ದವರಾರೆಂದು ಹೇಳುವುದು ಕಷ್ಟ, ಆಟದಲ್ಲಿ ಹಾಗಿಲ್ಲ ಎಂಬುದು ನಮ್ಮ ಸಮಜಾಯಿಷಿ.

ಅಂದು ನಮ್ಮ ಹುಡುಗ ಹೇಳಿದ ಸಂಗತಿ ಎಲ್ಲರಿಗೂ ಹೊಸದಾಗಿತ್ತು. ಅವನಿರುವ ದೇಶದಲ್ಲಿ ಕಾಲೇಜು ಹುಡುಗರು ಆಡುವ ಅಮೆರಿಕನ್ ಫುಟ್ಬಾಲಿಗೆ ಲಕ್ಷ ಜನ ಕೂಡುವ ಕ್ರೀಡಾಂಗಣಗಳಿವೆಯಂತೆ. ವಿಶ್ವವಿದ್ಯಾಲಯಗಳು ‘ಕಾನ್ಫರೆನ್ಸ್’ ಎಂಬ ಕೂಟಗಳಾಗಿ ಹಂಚಿಹೋಗಿವೆ. ದಕ್ಷಿಣದ ರಾಜ್ಯಗಳದ್ದು ಸೌತ್‌ಈಸ್ಟರ್ನ್ ಕೂಟ. ಉತ್ತರದ ಹಳೆಯ ವಿಶ್ವವಿದ್ಯಾಲಯಗಳದ್ದು ಬಿಗ್ ಟೆನ್. ಇವೆರಡರಲ್ಲಿ ಯಾವುದು ಬಲಿಷ್ಠ ಎಂಬ ಜಗಳ ಅಲ್ಲಿ ಕಚೇರಿಯಲ್ಲೂ ಊಟದ ಮೇಜಿನಲ್ಲೂ ನಡೆಯುತ್ತದೆ. 2006ರಿಂದ 2012ರವರೆಗಿನ ಏಳು ಋತುಗಳ ರಾಷ್ಟ್ರೀಯ ಪ್ರಶಸ್ತಿಗಳನ್ನು ಸೌತ್‌ಈಸ್ಟರ್ನ್ ಕೂಟದ ತಂಡಗಳೇ ಗೆದ್ದವು ಎಂದು ಒಂದು ಪಕ್ಷ ಬೀಗುತ್ತದೆ. 2023ರ ಋತುವಿನಲ್ಲಿ ಮಿಚಿಗನ್, 2024ರ ಋತುವಿನಲ್ಲಿ ಓಹಾಯೊ ಸ್ಟೇಟ್ ಗೆದ್ದವಲ್ಲ ಎಂದು ಬಿಗ್ ಟೆನ್ ಪಕ್ಷ ತಿರುಗಿ ಕೇಳುತ್ತದೆ. ‘ಟೆನ್’ ಎಂಬ ಹೆಸರಿದ್ದರೂ ಅದರಲ್ಲಿ 2024ರಿಂದ ಹದಿನೆಂಟು ವಿಶ್ವವಿದ್ಯಾಲಯಗಳಿವೆ ಎಂದು ಅವನು ಹೇಳಿದಾಗ ನಮ್ಮ ಗುಂಪಿನವರು ನಕ್ಕರು. ಹೈದರಾಬಾದ್ ಕರ್ನಾಟಕವು 2019ರಲ್ಲಿ ಕಲ್ಯಾಣ ಕರ್ನಾಟಕವಾದುದನ್ನು ಕಂಡ ನಮಗೆ ಹೆಸರಿಗೂ ವಾಸ್ತವಕ್ಕೂ ಇರುವ ಅಂತರ ಅಪರಿಚಿತವೇನಲ್ಲ.

ಕೊನೆಗೆ ಅವನು ಕೇಳಿದ: “ಮಾಮಾ, ನಮ್ಮಲ್ಲೂ ವಲಯಗಳಿವೆಯಲ್ಲ? ಯಾವುದು ಬಲಿಷ್ಠ?” ಆ ಪ್ರಶ್ನೆ ಅಂದಿನ ಸಂಜೆಯನ್ನಷ್ಟೇ ಅಲ್ಲ, ಮುಂದಿನ ಹಲವು ಸಂಜೆಗಳನ್ನೂ ನುಂಗಿತು.

ನಮ್ಮಲ್ಲೂ ವಲಯಗಳಿವೆ. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯಾಗಿ ಹುಟ್ಟಿದ, ಇಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘವೆನಿಸಿರುವ ಸಂಸ್ಥೆಯು ಕ್ರೀಡೆಗಾಗಿ ದೇಶವನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮವೆಂದು ನಾಲ್ಕಾಗಿ ವಿಂಗಡಿಸಿದೆ. ಕಬಡ್ಡಿ, ಫುಟ್ಬಾಲ್, ವಾಲಿಬಾಲಿನಂತಹ ತಂಡದ ಆಟಗಳಲ್ಲಿ ಮೊದಲು ವಲಯಮಟ್ಟದ ಪಂದ್ಯಾವಳಿ ನಡೆಯುತ್ತದೆ. ಪ್ರತಿ ವಲಯದಿಂದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಹಂತಕ್ಕೆ ಹೋಗುತ್ತವೆ. ಅಲ್ಲಿ ಮೊದಲ ಎಂಟರೊಳಗೆ ಬಂದವರಿಗೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಬಾಗಿಲು ತೆರೆಯುತ್ತದೆ. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣಗಳ ವಿಶ್ವವಿದ್ಯಾಲಯಗಳು ದಕ್ಷಿಣ ವಲಯದವು. ಗುಲಬರ್ಗಾ ವಿಶ್ವವಿದ್ಯಾಲಯವೂ ಇಲ್ಲಿಯೇ ಬರುತ್ತದೆ.

ನಾನು ಕಾಲೇಜಿನಲ್ಲಿ ಮೂರು ದಶಕ ಸಂಖ್ಯಾಶಾಸ್ತ್ರ ಬೋಧಿಸಿದವನು. ಅಂಕಿಅಂಶಗಳನ್ನು ಮುಂದಿಟ್ಟು ಮಾತು ಗೆಲ್ಲುವ ದುರಭ್ಯಾಸ ಇನ್ನೂ ಬಿಟ್ಟಿಲ್ಲ. ಸಹಜವಾಗಿಯೇ ದಕ್ಷಿಣದ ಪಕ್ಷ ವಹಿಸಿದೆ. ಫುಟ್ಬಾಲಿನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ ಎಷ್ಟು ಸಲ ಅಖಿಲ ಭಾರತ ಪ್ರಶಸ್ತಿ ತಂದಿದೆ, ಅಥ್ಲೆಟಿಕ್ಸಿನಲ್ಲಿ ಮೂಡುಬಿದಿರೆಯ ಓಟಗಾರರ ಬಲದಿಂದ ಮಂಗಳೂರು ವಿಶ್ವವಿದ್ಯಾಲಯ ಎಷ್ಟು ಸಲ ಸಮಗ್ರ ಪ್ರಶಸ್ತಿ ಹೊತ್ತಿದೆ ಎಂದು ವಾದಿಸಿದೆ. ಗುಂಪಿನ ಇನ್ನೊಬ್ಬರು ಉತ್ತರ ವಲಯದ ವಕಾಲತ್ತು ವಹಿಸಿದರು. ಒಟ್ಟಾರೆ ಕ್ರೀಡಾಸಾಧನೆಗೆ 1956-57ರಿಂದ ಕೊಡಲಾಗುತ್ತಿರುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯ ಪಟ್ಟಿ ನೋಡಿರಿ, ಅಮೃತಸರದ ಗುರುನಾನಕ್ ದೇವ್ ವಿಶ್ವವಿದ್ಯಾಲಯ, ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯ, ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯಗಳ ಹೆಸರೇ ಮತ್ತೆಮತ್ತೆ ಬರುತ್ತವೆ ಎಂದರು. 2020ರ ಮೊದಲ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟದಲ್ಲಿ ಪಂಜಾಬ್ ವಿಶ್ವವಿದ್ಯಾಲಯ ಅಗ್ರಸ್ಥಾನ ಪಡೆದದ್ದನ್ನು ನೆನಪಿಸಿದರು. 2022ರಲ್ಲಿ ಬೆಂಗಳೂರಿನಲ್ಲೇ ನಡೆದ ಎರಡನೆಯ ಕೂಟದಲ್ಲಿ ನಮ್ಮ ಜೈನ್ ವಿಶ್ವವಿದ್ಯಾಲಯ ಮೊದಲಿಗನಾಯಿತಲ್ಲ ಎಂದೆ ನಾನು. ಕ್ರಿಕೆಟ್ ಪ್ರೇಮಿಯೊಬ್ಬರು ಪಶ್ಚಿಮದ ಪರ ನಿಂತು, 1935ರಿಂದಲೂ ನಡೆದು ಬಂದ ರೋಹಿಂಟನ್ ಬಾರಿಯಾ ಟ್ರೋಫಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸಾಟಿ ಯಾರಿದ್ದರು ಎಂದು ಕೇಳಿದರು.

ಹೀಗೆ ಪ್ರತಿಯೊಬ್ಬನೂ ತನಗೆ ಅನುಕೂಲವಾದ ಆಟವನ್ನೂ ವರ್ಷವನ್ನೂ ಆರಿಸಿಕೊಂಡ. ವಾದಕ್ಕೆ ಬೇಕಾದ ಅಂಕಿಯನ್ನು ಆಮೇಲೆ ಹುಡುಕುವುದು ಅಂಕಿಅಂಶಕ್ಕೆ ಮಾಡುವ ಅವಮಾನವೆಂದು ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ವಯಸ್ಸಾದ ಮೇಲೆ ಅದನ್ನೇ ಮಾಡುತ್ತಿದ್ದೆ.

ಒಂದೆರಡು ಪಂದ್ಯಗಳಿಂದ ವಲಯದ ಬಲ ಅಳೆಯುವುದು ಎಷ್ಟು ಅಪಾಯಕರ ಎಂಬುದಕ್ಕೆ ದುಲೀಪ್ ಟ್ರೋಫಿ ಕ್ರಿಕೆಟ್ ಒಳ್ಳೆಯ ಉದಾಹರಣೆ. 2022ರ ಸೆಪ್ಟೆಂಬರಿನಲ್ಲಿ ಕೊಯಮತ್ತೂರಿನ ಫೈನಲಿನಲ್ಲಿ ಪಶ್ಚಿಮ ವಲಯ ದಕ್ಷಿಣ ವಲಯವನ್ನು 294 ರನ್ನುಗಳಿಂದ ಮಣಿಸಿತು. 2023ರ ಜುಲೈನಲ್ಲಿ ಬೆಂಗಳೂರಿನ ಫೈನಲಿನಲ್ಲಿ ಅದೇ ದಕ್ಷಿಣ ಅದೇ ಪಶ್ಚಿಮವನ್ನು 75 ರನ್ನುಗಳಿಂದ ಸೋಲಿಸಿತು. ಹತ್ತು ತಿಂಗಳಲ್ಲಿ ಒಂದು ವಲಯ ದುರ್ಬಲವಾಗಿ ಇನ್ನೊಂದು ಬಲಿಷ್ಠವಾಯಿತೇ? 2025ರಲ್ಲಿ ಈ ಇಬ್ಬರನ್ನೂ ಬಿಟ್ಟು ಮಧ್ಯ ವಲಯ ಪ್ರಶಸ್ತಿ ಗೆದ್ದುಕೊಂಡಿತು. ಪಂದ್ಯವೊಂದು ಆ ದಿನ ಗೆದ್ದವರಾರೆಂದು ಹೇಳುತ್ತದೆಯೇ ಹೊರತು ಒಂದು ಪ್ರದೇಶದ ಜಾತಕವನ್ನಲ್ಲ.

ಇನ್ನು ‘ನಮ್ಮ ವಲಯ’ ಎಂಬ ಅಭಿಮಾನದ ಬುಡ ಎಷ್ಟು ಆಳವಾದದ್ದು? ಈ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ತಂದೆ ಓದಿದ್ದು ಹೈದರಾಬಾದಿನ ಒಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಅವರ ಪಾಲಿಗೆ ಫುಟ್ಬಾಲ್ ಎಂದರೆ ಹೈದರಾಬಾದ್ ಸಿಟಿ ಪೊಲೀಸ್ ತಂಡ; ಗುರು ಎಂದರೆ ಆ ತಂಡವನ್ನು ಬೆಳೆಸಿ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೂ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕಕ್ಕೂ ಒಯ್ದ ಸೈಯದ್ ಅಬ್ದುಲ್ ರಹೀಂ. ನಾನು ಕಲಬುರಗಿಯಲ್ಲೇ ಪದವಿ ಓದಿದೆನಾದರೂ ಪ್ರಮಾಣಪತ್ರದ ಮೇಲಿರುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದುದರಿಂದ ಮಗಳ ಪದವಿ ಊರಿನದ್ದೇ ಆಯಿತು. ಮನೆ ಬದಲಾಗದೆ ಮೂರು ತಲೆಮಾರು ಮೂರು ವಿಶ್ವವಿದ್ಯಾಲಯಗಳ ಅಭಿಮಾನಿಗಳಾದೆವು. ರೈಲಿನಲ್ಲಿ ಸುಮಾರು ಎರಡು ಗಂಟೆಯ ಹಾದಿಯ ಸೊಲ್ಲಾಪುರದ ವಿಶ್ವವಿದ್ಯಾಲಯ ಪಶ್ಚಿಮ ವಲಯಕ್ಕೆ ಸೇರಿದ್ದರಿಂದ ನಮಗೆ ಹೊರಗಿನದು. ಒಂಬತ್ತು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕಲ್ಲಿಕೋಟೆ ನಮ್ಮವರದು. ಯಾರೋ ಎಳೆದ ಗೆರೆಯ ಈಚೆಗೆ ನಿಂತು ನಾವು ಎದೆ ತಟ್ಟಿಕೊಳ್ಳುತ್ತಿದ್ದೆವು.

ಈ ಎಲ್ಲ ವಾದಗಳ ನಡುವೆ ಒಬ್ಬರು ಮಾತ್ರ ಯಾವ ಪಕ್ಷವನ್ನೂ ವಹಿಸದೆ ಚಹಾ ಕುಡಿಯುತ್ತಿದ್ದರು. ಅವರು ಕಮಲಾಪುರ ಕಡೆಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದ ನನ್ನ ಗೆಳೆಯ. ಈಗಲೂ ಅಲ್ಲಿಯೇ ವಾಸ. ಕೆಲಸವಿದ್ದಾಗ ಬಸ್ಸು ಹತ್ತಿ ಕಲಬುರಗಿಗೆ ಬರುತ್ತಾರೆ. ನಾಲ್ಕನೆಯ ಸಂಜೆ ಅವರು ಬಾಯಿ ಬಿಟ್ಟರು. “ಸರ, ವಲಯ ಗಟ್ಟಿ ಇಲ್ರೀ. ವಲಯದಾಗಿನ ನಾಕು ಯೂನಿವರ್ಸಿಟಿ ಗಟ್ಟಿ ಅವ. ಉಳಿದವರು ಹೋಗ್ತೀವಿ, ಒಂದು ಮ್ಯಾಚ್ ಆಡ್ತೀವಿ, ಬರ್ತೀವಿ. ನಿಮ್ಮ ಲೆಕ್ಕದಾಗ ನಾವು ಎಲ್ಲಿ ಅದೀವಿ ಹೇಳ್ರಿ.” ನನ್ನ ಬಳಿ ಉತ್ತರವಿರಲಿಲ್ಲ. “ಒಮ್ಮೆ ನಮ್ಮ ಊರಿಗೆ ಬರ್ರಿ, ಅಲ್ಲಿ ಕೂತು ಮಾತಾಡೋಣು” ಎಂದರು.

ಮರುವಾರ ನಾನು ಕಮಲಾಪುರಕ್ಕೆ ಹೋದೆ. ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಬಸ್ಸಿಗೆ ಒಂದು ಗಂಟೆಯ ದಾರಿ. ಊರು ಹತ್ತಿರವಾದಂತೆ ರಸ್ತೆಬದಿಯಲ್ಲಿ ಇಲ್ಲಿಯ ಪ್ರಸಿದ್ಧ ಕೆಂಪು ಬಾಳೆಯ ಗೊನೆಗಳು ತೂಗುತ್ತವೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಹಣ್ಣಿನಿಂದಾಗಿಯೇ ಹೊರಗಿನವರಿಗೆ ಕಮಲಾಪುರದ ಹೆಸರು ಗೊತ್ತು. ಈಗ ಅದು ತಾಲ್ಲೂಕು ಕೇಂದ್ರವೂ ಹೌದು. ಗೆಳೆಯ ನನ್ನನ್ನು ಮನೆಗೆ ಕರೆದೊಯ್ಯುವ ಮೊದಲು ಒಂದು ಮಣ್ಣಿನ ಅಂಗಳಕ್ಕೆ ಕರೆದೊಯ್ದರು. ಅಲ್ಲಿ ಹತ್ತಾರು ಹುಡುಗಿಯರು ಕಬಡ್ಡಿ ಆಡುತ್ತಿದ್ದರು. ಸುಣ್ಣದ ಗೆರೆ ಅರ್ಧ ಅಳಿಸಿತ್ತು. ಅವರಿಗೆ ಕಲಿಸುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ಯುವತಿ, ನನ್ನ ಗೆಳೆಯನ ಹಳೆಯ ವಿದ್ಯಾರ್ಥಿನಿ. ಅವಳ ಕತೆಯನ್ನು ಕೇಳಲೆಂದೇ ನನ್ನನ್ನು ಕರೆಸಿದ್ದರೆಂದು ಆಮೇಲೆ ತಿಳಿಯಿತು.

ಆಕೆ ಕೂಲಿ ಮಾಡುವ ಮನೆಯ ಹುಡುಗಿ. ಪದವಿಯ ಎರಡನೆಯ ವರ್ಷದಲ್ಲಿ ಈ ಭಾಗದ ವಿಶ್ವವಿದ್ಯಾಲಯವೊಂದರ ಕಬಡ್ಡಿ ತಂಡದ ಹನ್ನೆರಡು ಮಂದಿಯಲ್ಲಿ ಒಬ್ಬಳಾಗಿ ಆಯ್ಕೆಯಾದಳು. ದಾಳಿಯಲ್ಲಿ ಎಡಕ್ಕೆ ತೋರಿಸಿ ಬಲಕ್ಕೆ ಹೊರಳುವ ಅವಳ ಚುರುಕುತನದ ಬಗ್ಗೆ ಗುರುವಿಗೆ ಈಗಲೂ ಹೆಮ್ಮೆ. ದಕ್ಷಿಣ ವಲಯದ ಪಂದ್ಯಾವಳಿ ದೂರದ ರಾಜ್ಯದಲ್ಲಿತ್ತು. ರೈಲಿನಲ್ಲಿ ಹೋಗಲು ಒಂದು ರಾತ್ರಿ ಮತ್ತು ಒಂದು ಹಗಲು. ಮನೆಯಿಂದ ಕಟ್ಟಿ ಕೊಟ್ಟ ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಮೊದಲ ಸುತ್ತಿನಲ್ಲೇ ಎದುರಾದದ್ದು ಹಿಂದಿನ ವರ್ಷ ಮೊದಲ ನಾಲ್ಕರಲ್ಲಿದ್ದ ತಂಡ. ಆ ತಂಡದವರು ವರ್ಷವಿಡೀ ಮ್ಯಾಟಿನ ಮೇಲೆ ಆಡಿದವರು. ಈ ಹುಡುಗಿಯರಲ್ಲಿ ಹಲವರು ಮ್ಯಾಟಿನ ಮೇಲೆ ಕಾಲಿಟ್ಟದ್ದು ಅದೇ ಮೊದಲು. ಮಣ್ಣಿನಲ್ಲಿ ಬರಿಗಾಲ ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ. ಮ್ಯಾಟಿನಲ್ಲಿ ಬೂಟು ಹಿಡಿಯಬೇಕು, ಹೊರಳುವ ಲೆಕ್ಕವೇ ಬೇರೆ. ವಿರಾಮದ ಹೊತ್ತಿಗೆ ಅಂತರ ಕೈಮೀರಿತ್ತು.

“ಸರ, ಎರಡನೇ ಹಾಫಿನಾಗ ನಮಗ ಮ್ಯಾಟ್ ತಿಳೀತ್ರಿ,” ಎಂದಳು ಆಕೆ. “ಕಡೀ ಹತ್ತು ನಿಮಿಷ ನಾವು ಅವರಿಗೆ ಸರಿಸಮ ಆಡೀವಿ. ಅಷ್ಟರಾಗ ಮುಗೀತು. ಸೋತಿದ್ದು ಖರೇ ಅದ. ಆದ್ರ ಇನ್ನೊಂದು ಮ್ಯಾಚ್ ಇದ್ದಿದ್ರ ನಾವು ಯಾರು ಅಂತ ನಮಗಾದರೂ ಗೊತ್ತಾಗ್ತಿತ್ತು.”

ಇನ್ನೊಂದು ಪಂದ್ಯ ಇರಲಿಲ್ಲ. ಮರುದಿನ ತಂಡ ಊರಿಗೆ ಹೊರಟಿತು. ಮುಂದಿನ ವರ್ಷ ಮನೆಯ ಕಾರಣದಿಂದ ಆಕೆಗೆ ಆಯ್ಕೆ ಶಿಬಿರಕ್ಕೆ ಹೋಗಲಾಗಲಿಲ್ಲ. ವಿಶ್ವವಿದ್ಯಾಲಯದ ಬಣ್ಣ ತೊಟ್ಟು ಆಕೆ ಆಡಿದ್ದು ಜೀವನದಲ್ಲಿ ಆ ಒಂದೇ ಪಂದ್ಯ. ಒಂದು ಗಂಟೆಯೂ ಇಲ್ಲದ ಆಟ.

ಇದರಲ್ಲಿ ಯಾರ ತಪ್ಪೂ ಇಲ್ಲ. ಹಿಂದಿನ ಸಾಲಿನ ಮೊದಲ ನಾಲ್ಕು ತಂಡಗಳನ್ನು ನಾಲ್ಕು ಗುಂಪುಗಳಲ್ಲಿ ಬೇರೆ ಬೇರೆ ಇರಿಸಿ, ಉಳಿದವರನ್ನು ಚೀಟಿ ಎತ್ತಿ ಹಂಚುವುದು ರೂಢಿ. ಗುಂಪಿನೊಳಗೆ ಸೋತವರು ಹೊರಗೆ ಹೋಗುವ ನಾಕೌಟ್ ಕ್ರಮ. ಕೊನೆಯಲ್ಲಿ ಉಳಿದ ನಾಲ್ಕು ತಂಡಗಳು ಮಾತ್ರ ಪರಸ್ಪರ ಎಲ್ಲರೊಡನೆ ಆಡುತ್ತವೆ. ತಂಡಗಳು ಬಹಳ, ದಿನಗಳು ಕಡಿಮೆ. ಆದ್ದರಿಂದ ಈ ಕ್ರಮ. ಆದರೆ ಅದರ ಪರಿಣಾಮವೇನೆಂಬುದನ್ನು ಲೆಕ್ಕ ಹಾಕಿ ನೋಡಿದವನಲ್ಲ ನಾನು. ಆ ರಾತ್ರಿ ಕಲಬುರಗಿಗೆ ಮರಳಿದ ಮೇಲೆ ಕಾಗದ, ಪೆನ್ಸಿಲು ಹಿಡಿದು ಕೂತೆ.

ಲೆಕ್ಕದ ಅನುಕೂಲಕ್ಕೆ ಒಂದು ವಲಯದಲ್ಲಿ 64 ತಂಡಗಳಿವೆ ಎಂದಿಟ್ಟುಕೊಳ್ಳೋಣ. ಹದಿನಾರು ತಂಡಗಳ ನಾಲ್ಕು ಗುಂಪುಗಳಾಗುತ್ತವೆ. ಪ್ರತಿ ಗುಂಪಿನಲ್ಲಿ 15 ಪಂದ್ಯಗಳಂತೆ 60, ಕೊನೆಯ ನಾಲ್ವರ ಲೀಗಿನಲ್ಲಿ 6. ಒಟ್ಟು 66 ಪಂದ್ಯಗಳು. ಇದರಲ್ಲಿ 32 ತಂಡಗಳಿಗೆ, ಅಂದರೆ ಸರಿಯಾಗಿ ಅರ್ಧದಷ್ಟು ತಂಡಗಳಿಗೆ, ಸಿಗುವುದು ಒಂದೇ ಪಂದ್ಯ. ಇನ್ನು 16 ತಂಡಗಳಿಗೆ ಎರಡು. ಮೇಲಿನ ನಾಲ್ಕು ತಂಡಗಳಿಗೆ ಮಾತ್ರ ತಲಾ ಏಳು. ಯಾರಿಗೆ ಅನುಭವ ಈಗಾಗಲೇ ಇದೆಯೋ ಅವರಿಗೆ ಏಳು ಪಂದ್ಯಗಳ ಅನುಭವ ಸೇರುತ್ತದೆ. ಯಾರಿಗೆ ಇಲ್ಲವೋ ಅವರಿಗೆ ಒಂದು. ಈ ಕ್ರಮ ಹತ್ತು ವರ್ಷ ನಡೆದರೆ ಬಲಿಷ್ಠರು ಎಪ್ಪತ್ತು ಪಂದ್ಯ ಆಡಿರುತ್ತಾರೆ, ಮೊದಲ ಸುತ್ತಿನಲ್ಲೇ ಸೋಲುವವರು ಹತ್ತು. ಹೀಗಿರುವಾಗ ಅದೇ ನಾಲ್ಕಾರು ಹೆಸರುಗಳು ವರ್ಷವರ್ಷವೂ ಮೇಲೆ ಬರುವುದರಲ್ಲಿ ಆಶ್ಚರ್ಯವೇನಿದೆ? ನನ್ನ ಗೆಳೆಯನ ಮಾತು ಗಣಿತದಲ್ಲಿಯೂ ಸರಿಯಾಗಿತ್ತು.

ಇಲ್ಲಿಯೇ ನನಗೆ ಅಟ್ಲಾಂಟಾದ ಹುಡುಗನ ಮಾತು ಬೇರೆ ಅರ್ಥದಲ್ಲಿ ನೆನಪಾಯಿತು. ಅಮೆರಿಕದ ಆ ಕೂಟಗಳಲ್ಲಿ ಪ್ರತಿ ವಿಶ್ವವಿದ್ಯಾಲಯ ಒಂದು ಋತುವಿನಲ್ಲಿ ಸಾಮಾನ್ಯವಾಗಿ ಹನ್ನೆರಡು ಪಂದ್ಯ ಆಡುತ್ತದೆ. ಅವುಗಳಲ್ಲಿ ಎಂಟು-ಒಂಬತ್ತು ತನ್ನ ಕೂಟದೊಳಗಿನ ತಂಡಗಳ ಮೇಲೆ. ಮೊದಲ ಪಂದ್ಯ ಸೋತರೂ ಹನ್ನೆರಡು, ಎಲ್ಲವನ್ನೂ ಸೋತರೂ ಹನ್ನೆರಡು. ಅವರ ಕೂಟಗಳೆಲ್ಲ ಆದರ್ಶವೆಂದು ನಾನು ಹೇಳುತ್ತಿಲ್ಲ. ದೂರದರ್ಶನದ ಹಣದ ಬೆನ್ನು ಹತ್ತಿ ಅಲ್ಲಿ ವಿಶ್ವವಿದ್ಯಾಲಯಗಳು ಕೂಟದಿಂದ ಕೂಟಕ್ಕೆ ಜಿಗಿಯುತ್ತವೆ. 2024ರಲ್ಲಿ ಟೆಕ್ಸಸ್, ಓಕ್ಲಹೋಮಾಗಳು ಹಳೆಯ ಸಂಗಾತಿಗಳನ್ನು ಬಿಟ್ಟು ಸೌತ್‌ಈಸ್ಟರ್ನ್ ಕೂಟ ಸೇರಿದವು. ಅದೇ ವರ್ಷ ಪಶ್ಚಿಮ ಕರಾವಳಿಯ ಪ್ಯಾಕ್-12 ಎಂಬ ಕೂಟದಲ್ಲಿ ಎರಡೇ ವಿಶ್ವವಿದ್ಯಾಲಯಗಳು ಉಳಿದವು. ಆ ವ್ಯಾಪಾರ ನಮಗೆ ಬೇಡ. ಆದರೆ ಒಂದು ಮಾತು ಒಪ್ಪಬೇಕು. ಯಾವ ಕೂಟ ಬಲಿಷ್ಠ ಎಂದು ಜಗಳವಾಡಲು ಅವರ ಬಳಿ ಪಂದ್ಯಗಳಾದರೂ ಇವೆ. ನಮ್ಮ ವಲಯದ ಅರ್ಧ ತಂಡಗಳ ಬಗ್ಗೆ ನಮಗೆ ಗೊತ್ತಿರುವುದು ಅವು ಒಂದು ದಿನ ಸೋತವು ಎಂಬುದಷ್ಟೇ.

ಇದು ಕೇವಲ ಆಟದ ಪ್ರಶ್ನೆಯಾಗಿದ್ದರೆ ಈ ಪುಟದಲ್ಲಿ ಇಷ್ಟು ಜಾಗ ಬೇಡುತ್ತಿರಲಿಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ನಿಯಮಗಳಂತೆ, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಕ್ರೀಡಾಪಟು ಗ್ರೂಪ್ ‘ಸಿ’ ಹುದ್ದೆಗಳಿಗೆ ಪರಿಗಣನೆಗೆ ಅರ್ಹ. ಆದರೆ ಪದಕ ಗೆದ್ದವರಿಗೆ ಆದ್ಯತೆ. ಬಲಾಢ್ಯ ತಂಡಗಳು ತುಂಬಿದ ವಲಯದಲ್ಲಿ ಮೊದಲ ಸುತ್ತಿನಲ್ಲೇ ಎಡವಿದ ಆಟಗಾರ್ತಿ, ಇನ್ನೊಂದು ವಲಯದಲ್ಲಿದ್ದರೆ ಮೂರನೆಯ ಸ್ಥಾನ ಪಡೆಯುತ್ತಿದ್ದಳೇನೋ! ಹರಿಯಾಣದ ಕಬಡ್ಡಿ ತಂಡಗಳಿಗೂ, ಕೇರಳದ ಫುಟ್ಬಾಲ್ ತಂಡಗಳಿಗೂ, ಅವುಗಳ ನೆರೆಯಲ್ಲಿರುವ ದುರ್ಬಲ ತಂಡಗಳಿಗೂ ಇದು ಸಮನಾಗಿ ಅನ್ವಯಿಸುತ್ತದೆ. ನಾಲ್ಕು ವಲಯಗಳ ಬಲ ಸಮವಲ್ಲದಿದ್ದರೂ ಸ್ಥಾನಗಳು ತಲಾ ನಾಲ್ಕೇ. ಆದ್ದರಿಂದ ಯಾವ ವಲಯ ಬಲಿಷ್ಠ ಎಂಬ ಪ್ರಶ್ನೆ ನಿವೃತ್ತರ ಕಾಲಕ್ಷೇಪವಾಗಿ ಕಂಡರೂ, ಯಾವುದೋ ಊರಿನ ಬಡ ಹುಡುಗಿಯೊಬ್ಬಳ ಉದ್ಯೋಗದ ಅರ್ಜಿಯಲ್ಲಿ ಅದಕ್ಕೆ ಬೆಲೆಯಿದೆ.

ವಿಶ್ವವಿದ್ಯಾಲಯಗಳ ವಿಭಜನೆಯೂ ಈ ಲೆಕ್ಕದೊಳಗೆ ಸೇರುತ್ತದೆ. ಒಂದು ಕಾಲಕ್ಕೆ ಗುಲಬರ್ಗಾ ವಿಶ್ವವಿದ್ಯಾಲಯದ ತಂಡವೆಂದರೆ ಬೀದರಿನಿಂದ ಬಳ್ಳಾರಿಯವರೆಗಿನ ಆಟಗಾರರಿಂದ ಆರಿಸಿದ ತಂಡ. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬೇರೆಯಾಯಿತು. ಬಳಿಕ ರಾಯಚೂರು, ಬೀದರ್‌ಗಳಿಗೂ ತಮ್ಮತಮ್ಮ ವಿಶ್ವವಿದ್ಯಾಲಯಗಳು ಬಂದವು. ಒಂದು ದೊಡ್ಡ ತಂಡ ನಾಲ್ಕು ಸಣ್ಣ ತಂಡಗಳಾಯಿತು. ಬಲದ ದೃಷ್ಟಿಯಿಂದ ಇದು ನಷ್ಟ; ಬಳ್ಳಾರಿಯ ಹಿಡಿತಗಾರ್ತಿಯೂ ಬೀದರಿನ ದಾಳಿಗಾರ್ತಿಯೂ ಈಗ ಒಂದೇ ಅಂಕಣದ ಈಚೆ ನಿಲ್ಲುವುದಿಲ್ಲ. ಅವಕಾಶದ ದೃಷ್ಟಿಯಿಂದ ಲಾಭ. ಹನ್ನೆರಡು ಹುಡುಗಿಯರಿಗೆ ಸಿಗುತ್ತಿದ್ದ ಪೋಷಾಕು ಈಗ ನಲವತ್ತೆಂಟು ಮಂದಿಗೆ ಸಿಗುತ್ತದೆ. ನಮ್ಮಂತಹ ಹಿಂದುಳಿದ ಭಾಗಕ್ಕೆ ಎರಡನೆಯದೇ ಮುಖ್ಯವೆಂದು ನಾನು ನಂಬುತ್ತೇನೆ. ಆದರೆ ನಲವತ್ತೆಂಟು ಮಂದಿ ಹೋಗಿ ಒಂದೊಂದೇ ಪಂದ್ಯ ಆಡಿ ಮರಳುವುದಾದರೆ ಆ ಲಾಭ ಕಾಗದದ ಮೇಲಿನದು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಸುಧಾರಣೆಯ ಲೆಕ್ಕ ಮೊದಲು ಹೇಳುತ್ತೇನೆ. 64 ತಂಡಗಳನ್ನು ನಾಲ್ಕು ನಾಲ್ಕರ ಹದಿನಾರು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಎಲ್ಲರೂ ಎಲ್ಲರೊಡನೆ ಆಡಿದರೆ 96 ಪಂದ್ಯಗಳು. ಗುಂಪಿನ ವಿಜೇತರು ನಾಕೌಟಿನಲ್ಲಿ ನಾಲ್ಕಕ್ಕೆ ಇಳಿಯಲು 12, ಕೊನೆಯ ಲೀಗಿಗೆ 6. ಒಟ್ಟು 114. ಈಗಿನದಕ್ಕಿಂತ 48 ಪಂದ್ಯ ಹೆಚ್ಚು. ಮೂರು ಅಂಕಣಗಳಲ್ಲಿ ದಿನಕ್ಕೆ ಎಂಟೆಂಟು ಪಂದ್ಯ ನಡೆಸಿದರೆ ಎರಡು ದಿನಗಳ ಹೆಚ್ಚುವರಿ ಕೆಲಸ. ಅದರಿಂದ ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯ ದೊರೆಯುತ್ತದೆ.

ಇದನ್ನು ಹೇಳಿದಾಗ ನನ್ನ ಗೆಳೆಯ ನಕ್ಕರು. ಅವರು ತಂಡಗಳನ್ನು ಕರೆದೊಯ್ದವರು. ನಾನು ಕಾಗದದ ಮೇಲೆ ಆಡಿಸುವವನು. ಎರಡು ದಿನ ಹೆಚ್ಚೆಂದರೆ ಅರವತ್ತಕ್ಕೂ ಹೆಚ್ಚು ತಂಡಗಳ ವಸತಿ, ಊಟ, ದಿನಭತ್ಯೆ. ಅತಿಥೇಯ ವಿಶ್ವವಿದ್ಯಾಲಯದ ಹಾಸ್ಟೆಲ್ಲುಗಳಲ್ಲಿ ಜಾಗ ಸಾಲದು. ಮರಳುವ ರೈಲಿನ ಟಿಕೆಟ್ಟು ಯಾವ ದಿನಕ್ಕೆ ಕಾದಿರಿಸಬೇಕು? ಪಾಠ, ಪರೀಕ್ಷೆಗಳ ಗತಿಯೇನು? ಅವರ ಆಕ್ಷೇಪಗಳಲ್ಲಿ ಒಂದನ್ನೂ ತಳ್ಳಿಹಾಕುವಂತಿರಲಿಲ್ಲ.

ಆದ್ದರಿಂದ ಚಿಕ್ಕ ಸುಧಾರಣೆಯೊಂದನ್ನು ಇಬ್ಬರೂ ಸೇರಿ ಯೋಚಿಸಿದೆವು. ಮೊದಲ ಸುತ್ತಿನಲ್ಲಿ ಸೋತ 32 ತಂಡಗಳನ್ನು ಅಂದೇ ಕಳುಹಿಸದೆ, ಮರುದಿನ ಅವುಗಳ ನಡುವೆಯೇ ಒಂದೊಂದು ಪಂದ್ಯ ಆಡಿಸುವುದು. ಬೇಕಾಗುವುದು ಕೇವಲ 16 ಪಂದ್ಯ. ಮೂರು ಅಂಕಣಗಳಲ್ಲಿ ಒಂದು ದಿನವೂ ಬೇಡ. ಅದರ ಫಲಿತಾಂಶ ಪಟ್ಟಿಯ ಮೇಲ್ಭಾಗವನ್ನು ಬದಲಿಸುವುದಿಲ್ಲ; ಯಾರ ಪದಕವನ್ನೂ ಕಸಿಯುವುದಿಲ್ಲ. ಆದರೆ ಪ್ರತಿ ತಂಡವೂ ಎರಡು ಸಲ ಕಣಕ್ಕಿಳಿಯುತ್ತದೆ. ಮೊದಲ ಪಂದ್ಯದಲ್ಲಿ ಕಲಿತದ್ದನ್ನು ಎರಡನೆಯದರಲ್ಲಿ ಪ್ರಯೋಗಿಸುತ್ತದೆ. ತನ್ನಂತಹದೇ ತಂಡದೆದುರು ಗೆದ್ದರೂ ಸೋತರೂ ತನ್ನ ಮಟ್ಟವೇನೆಂದು ತಿಳಿದು ಊರಿಗೆ ಮರಳುತ್ತದೆ. ಆಯ್ಕೆದಾರರೂ ತರಬೇತುದಾರರೂ ಆ ಹುಡುಗಿಯರನ್ನು ಇನ್ನೊಮ್ಮೆ ನೋಡುತ್ತಾರೆ.

ಇನ್ನೊಂದು ಕೆಲಸ ನಮ್ಮ ಮನೆಯಂಗಳದಲ್ಲೇ ಆಗಬಹುದು. ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿಯ ವಿಶ್ವವಿದ್ಯಾಲಯಗಳು ವಲಯದ ಪಂದ್ಯಾವಳಿಗೆ ಮುನ್ನ ತಮ್ಮೊಳಗೆ ಸೌಹಾರ್ದ ಪಂದ್ಯಗಳನ್ನು ಆಡಲು ಯಾರ ಅಪ್ಪಣೆಯೂ ಬೇಕಿಲ್ಲ. ನಾಲ್ಕು ತಂಡಗಳ ಲೀಗಿಗೆ ಆರೇ ಪಂದ್ಯ ಸಾಕು; ಒಂದೆರಡು ದಿನಗಳ ಮಾತು. ಸೊಲ್ಲಾಪುರದವರು ಬೇರೆ ವಲಯದವರಾದರೇನು, ಸೌಹಾರ್ದ ಪಂದ್ಯಕ್ಕೆ ಆಹ್ವಾನಿಸಿದರೆ ಗೆರೆ ಅಡ್ಡ ಬರುವುದೇ? ಮ್ಯಾಟು ಇರುವ ಕಡೆ ಆ ಪಂದ್ಯಗಳನ್ನು ಇಟ್ಟರೆ, ದೂರದ ಊರಿನಲ್ಲಿ ಮೊದಲ ಬಾರಿಗೆ ಮ್ಯಾಟು ತುಳಿಯುವ ದುರವಸ್ಥೆ ತಪ್ಪುತ್ತದೆ. ಸಂವಿಧಾನದ 371(ಜೆ) ವಿಧಿಯಿಂದ ಈ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಬಂತು. ಅದಕ್ಕಾಗಿ ದಶಕಗಳ ಹೋರಾಟ ಬೇಕಾಯಿತು. ಆರು ಪಂದ್ಯಗಳ ಒಂದು ಲೀಗಿಗೆ ಹೋರಾಟ ಬೇಡ, ನಾಲ್ಕು ದೈಹಿಕ ಶಿಕ್ಷಣ ವಿಭಾಗಗಳ ನಡುವೆ ನಾಲ್ಕು ದೂರವಾಣಿ ಕರೆ ಸಾಕು.

ವಲಯದ ಬಲವನ್ನು ಅದರ ಅಗ್ರಸ್ಥಾನದ ತಂಡದಿಂದ ಅಳೆಯುವುದು ಸುಲಭ, ಏಕೆಂದರೆ ಆ ತಂಡದ ಹೆಸರು ಪತ್ರಿಕೆಯಲ್ಲಿರುತ್ತದೆ. ಮೊದಲ ದಿನ ಸೋತು ಹೊರಟ ತಂಡ ಎಷ್ಟು ಅಂತರದಿಂದ ಸೋತಿತು, ಮರುವರ್ಷ ಆ ಅಂತರ ಎಷ್ಟು ಕಿರಿದಾಯಿತು ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಬರೆದಿಟ್ಟರೆ ಉತ್ತರ, ದಕ್ಷಿಣಗಳ ಜಗಳಕ್ಕೆ ಬೇರೊಂದು ಉತ್ತರ ಸಿಕ್ಕೀತು. ಕೊನೆಯ ತಂಡವೂ ಮೊದಲ ತಂಡವನ್ನು ಬೆವರಿಳಿಸುವಂತಿದ್ದರೆ ಅದು ಬಲಿಷ್ಠ ವಲಯ. ಹಾಗಿಲ್ಲದಿದ್ದರೆ ಅದು ನಾಲ್ಕು ಬಲಿಷ್ಠ ತಂಡಗಳ ನೆರಳಿನಲ್ಲಿ ನಿಂತ ಹೆಸರಷ್ಟೇ.

ಹುಡುಗ ಅಟ್ಲಾಂಟಾಕ್ಕೆ ಮರಳಿದ ಮೇಲೆ ಒಂದು ದಿನ ಕರೆ ಮಾಡಿ, “ಕೊನೆಗೆ ಯಾವ ವಲಯ ಗೆದ್ದಿತು ಮಾಮಾ?” ಎಂದು ಕೇಳಿದ. ಇನ್ನೂ ತೀರ್ಮಾನವಾಗಿಲ್ಲ ಎಂದೆ. ಅಂದು ಬೆಳಿಗ್ಗೆ ನಾನು ಮತ್ತೆ ಕಮಲಾಪುರಕ್ಕೆ ಹೋಗಿ ಬಂದಿದ್ದೆ. ಆ ಮಣ್ಣಿನ ಅಂಗಳದಲ್ಲಿ ಪುಟ್ಟ ಹುಡುಗಿಯರ ಎರಡು ತಂಡಗಳು ಆಡಿ ಮುಗಿಸಿದ್ದವು. ಸೋತ ತಂಡದ ಹುಡುಗಿಯೊಬ್ಬಳು ಅಳುಮೋರೆ ಮಾಡಿಕೊಂಡು ಚಪ್ಪಲಿ ಹುಡುಕುತ್ತಿದ್ದಳು. ತರಬೇತಿ ಕೊಡುತ್ತಿದ್ದ ಯುವತಿ ಅವಳ ಭುಜ ಹಿಡಿದು ತಿರುಗಿಸಿ, “ಎಲ್ಲಿಗವ್ವಾ? ಇನ್ನೊಂದು ಆಟ ಅದ” ಎಂದಳು. ಆಮೇಲೆ ಸುಣ್ಣದ ಡಬ್ಬಿ ತೆಗೆದುಕೊಂಡು, ಅಳಿಸಿಹೋಗಿದ್ದ ನಡುಗೆರೆಯನ್ನು ಮತ್ತೆ ಎಳೆಯತೊಡಗಿದಳು.